ಕೆರೆಗೆ ಬಿಟ್ಟ ಪಾಲು

ಖರೀದಿಗೆ ಹತ್ತಿ ನೋಡಲು ಆಸ್ಪರಿ ಕಡೆ ಹೋಗಿದ್ದೆ. ದಾರಿಯ ಕೆರೆಯಲ್ಲಿ ಊರವರು ಬಲೆ ಎಳೆಯಲಾಗದೆ ಒದ್ದಾಡುತ್ತಿದ್ದರು. ನಾನೂ ಹಗ್ಗಕ್ಕೆ ಕೈ ಹಾಕಿದೆ. ಬಲೆ ದಡಕ್ಕೆ ಬಂತು. ಪಾಲು ಹಂಚುತ್ತಿದ್ದ ಈರಮ್ಮ ನನ್ನೆದುರು ದೊಡ್ಡದೊಂದು ಮೀನು ಹಿಡಿದಳು.

“ತಗೋರಿ ಸಾವ್ಕಾರ್ರೆ, ಹಗ್ಗ ಹಿಡಿದೋರಿಗೆಲ್ಲ ಪಾಲು ಐತಿ. ಊರ ಕಟ್ಟುಪಾಡು ಅದು.”

“ನಾವು ಲಿಂಗ ಕಟ್ಟಿದೋರು ತಾಯಿ, ತಿನ್ನಂಗಿಲ್ಲ.”

“ಬ್ಯಾಡ ಅಂದ್ರ ಮಂದಿ ಬೇಜಾರಾಗ್ತಾರ್ರಿ.”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಆಕೆ ಸ್ವಲ್ಪ ಯೋಚಿಸಿ, ಮೀನನ್ನು ಬುಟ್ಟಿಗೆ ಹಾಕಿ, ನೀರು ತುಂಬಿದ ಬಕೆಟ್ ನನ್ನ ಕೈಗಿಟ್ಟಳು. ಒಳಗೆ ಮರಿಮೀನುಗಳು ಮಿಸುಕಾಡುತ್ತಿದ್ದವು.

“ಸರೆ, ಮರಿ ಸಿಕ್ರ ವಾಪಸ್ ಕೆರಿಗೆ ಬಿಡಬೇಕು, ಅದೂ ಕಟ್ಟೇ. ಇವೇ ನಿಮ್ಮ ಪಾಲು. ನೀವೇ ಬಿಡ್ರಿ.”

ಬಿಟ್ಟೆ. ಹೋದ ಜೀವ ಬಂದಂತಾಯಿತು. ಕೈಗಂಟಿದ ಮೀನಿನ ವಾಸನೆಗೆ ನಾನು ಹೇಳಿದ ಈ ಕಥೆಯನ್ನು ಮಾತ್ರ ಮನೆಯಲ್ಲಿ ಇವತ್ತಿಗೂ ಯಾರೂ ನಂಬಿಲ್ಲ.