ಬೆನ್ನಿನ ಲೆಕ್ಕದಲ್ಲಿ ಕೊಂಡ ಷೇರು

ವಿಮಾನದ ಹೊಟ್ಟೆಯೊಳಗೆ ಮಂಡಿಯೂರಿ ಪ್ರಯಾಣಿಕರ ಪೆಟ್ಟಿಗೆ ಜೋಡಿಸುವುದು ಬೆಲ್ಟಣ್ಣನ ಇಪ್ಪತ್ತಾರು ವರ್ಷಗಳ ಕೆಲಸ. ಕೆಳಗಿನಿಂದ ಓಡುವ ಬೆಲ್ಟಿನ ಮೇಲೆ ಬರುವುದನ್ನೆಲ್ಲ ಮೊದಲು ಹಿಡಿಯುವವನು ಅವನೇ, ಅದಕ್ಕೇ ಆ ಹೆಸರು. ಒಳಗೆ ತಲೆ ಎತ್ತುವಷ್ಟು ಎತ್ತರವಿಲ್ಲ. ಬದುಕಿನಲ್ಲಿ ಅವನು ನೆಟ್ಟಗೆ ನಿಂತದ್ದಕ್ಕಿಂತ ಬಾಗಿದ್ದೇ ಹೆಚ್ಚು.

ಕೆಳಗೆ ನಿಂತು ಪೆಟ್ಟಿಗೆ ಎತ್ತಿ ಬೆಲ್ಟಿಗೆ ಹಾಕುವವನು ಅವನ ತಂಗಿಯ ಗಂಡ. ಎಷ್ಟು ಕಿಲೋ ಎತ್ತುತ್ತಾನೆ ಅಂತ ನೋಡಿಯೇ ಬೆಲ್ಟಣ್ಣ ತಂಗಿಯನ್ನು ಕೊಟ್ಟ ಎಂದು ಜೊತೆಯವರು ನಗುತ್ತಿದ್ದರು. ಈಗ ತಂಗಿಯ ಗಂಡನ ಬೆನ್ನುಮೂಳೆ ಸವೆದಿತ್ತು. ವರ್ಷದೊಳಗೆ ಭಾರ ಎತ್ತುವುದು ಬಿಡದಿದ್ದರೆ ನಡೆಯುವುದನ್ನೇ ಮರೆಯಬೇಕಾದೀತು ಎಂದು ಡಾಕ್ಟರ್ ಹೇಳಿದ್ದರು.

ವಿಮಾನ ತುಂಬಿದೆಯೋ ಇಲ್ಲವೋ ಎಂದು ಬೆಲ್ಟಣ್ಣನಿಗೆ ಸೊಂಟದ ನೋವೇ ಹೇಳುತ್ತಿತ್ತು. ಸೊಂಟ ಉರಿದ ದಿನ ವಿಮಾನ ಕಂಪನಿಗೆ ಒಳ್ಳೆಯ ದಿನ. ಈ ನಂಬಿಕೆಯಲ್ಲೇ ಅವನು ಕಂಪನಿಯ ಷೇರು ಕೊಂಡ. ಮೊದಲ ವರ್ಷ ನೂರಕ್ಕೆ ಎಂಟರಂತೆ ಲಾಭಾಂಶ ಬಂತು. ಮರುವರ್ಷ ಮೊಬೈಲು ನೂರಕ್ಕೆ ಹದಿನಾರು ಎಂದು ತೋರಿಸಿತು. ಒಂದು ಷೇರಿಗೆ ಕಂಪನಿ ಕೊಟ್ಟದ್ದು ಅದೇ ಎಂಟು ರೂಪಾಯಿ. ನೂರರ ಷೇರು ಐವತ್ತಕ್ಕೆ ಬಿದ್ದಿತ್ತು, ಅಷ್ಟೇ. ಬೆಲ್ಟಣ್ಣನಿಗೆ ಮಾತ್ರ ಕಂಪನಿ ಕೈ ಬಿಚ್ಚಿದಂತೆ ಕಂಡಿತು.

“ನೂರಕ್ಕೆ ಹದಿನಾರು ಕಣೋ,” ಎಂದ ತಂಗಿಯ ಗಂಡನಿಗೆ. “ಉಳಿಸಿದ್ದೆಲ್ಲ ಹಾಕಿಬಿಡು. ಲಾಭಾಂಶದಲ್ಲೇ ಮನೇಲಿ ಕಾಲು ಚಾಚಿ ಕೂರಬಹುದು.”

“ಮುಳುಗಿಹೋದ್ರೆ ಭಾವ?”

“ದಿನಾ ನೀನೇ ಎತ್ತಿ ಹಾಕ್ತೀಯಲ್ಲೋ! ಒಂದು ಚೀಲ ತುರುಕೋಕೆ ಜಾಗ ಇಲ್ಲ. ಇಷ್ಟು ತುಂಬಿರೋದು ಮುಳುಗುತ್ತಾ?”

ಸೀಟು ತುಂಬಲೆಂದು ಕಂಪನಿ ಇಂಧನದ ಖರ್ಚೂ ಹುಟ್ಟದ ದರಕ್ಕೆ ಟಿಕೆಟು ಮಾರುತ್ತಿತ್ತು. ಪೆಟ್ಟಿಗೆಗಳ ಮೇಲೆ ಅದನ್ನು ಯಾರೂ ಬರೆದಿರಲಿಲ್ಲ. ತಂಗಿಯ ಗಂಡ ಉಳಿಸಿದ್ದನ್ನೆಲ್ಲ ಹಾಕಿದ.

ಆರು ತಿಂಗಳಿಗೆ ಸುದ್ದಿ ಬಂತು: ಈ ವರ್ಷ ಲಾಭಾಂಶ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಷೇರು ನಾಲ್ಕು ರೂಪಾಯಿಗೆ ಇಳಿಯಿತು.

ಬೆಲ್ಟಣ್ಣ ವಿಶ್ರಾಂತಿ ಕೋಣೆಯಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದ. ತಂಗಿಯ ಗಂಡ ವಿಮಾನದ ಚಕ್ರಕ್ಕೆ ಅಡ್ಡ ಇಡುವ ದಿಮ್ಮಿಯನ್ನು ಹಿಡಿದು ಒಳಗೆ ಬಂದ. ಮೊದಲ ಏಟು ಭುಜಕ್ಕೆ ಬಿತ್ತು. ಒಣ ಕಡ್ಡಿ ಮುರಿದಂಥ ಸದ್ದು.

“ಹದಿನಾರು ಅಂದ್ಯಲ್ಲ ಭಾವ? ಎಣಿಸು!”

ಎರಡನೆಯದು ಬಾಯಿಗೆ. ಅನ್ನದ ಮೇಲೆ ರಕ್ತ, ಒಂದು ಹಲ್ಲು.

“ಎಣಿಸು ಅಂದೆ! ಜೋರಾಗಿ!”

“ಮೂರು,” ಎಂದ ಬೆಲ್ಟಣ್ಣ, ಪಕ್ಕೆ ಹಿಡಿದುಕೊಂಡು. “ನಾಲ್ಕು.”

“ಬಿಡೋ, ಸತ್ತೋಗ್ತಾನೆ!” ಎಂದು ಜೊತೆಯವರು ಕೂಗಿದರು. ಹಿಡಿಯಲು ಹೋದವನ ಮೊಣಕೈಗೂ ಪೆಟ್ಟು ಬಿತ್ತು. ಮತ್ತೆ ಯಾರೂ ಹತ್ತಿರ ಸುಳಿಯಲಿಲ್ಲ.

ಏಳನೆಯ ಏಟಿಗೆ ತಂಗಿಯ ಗಂಡ ದಿಮ್ಮಿಯನ್ನು ತಲೆಯ ಮೇಲೆತ್ತಿದ. ಎತ್ತಿದ್ದು ಇಳಿಯಲಿಲ್ಲ. ಸೊಂಟದಲ್ಲಿ ಏನೋ ಲಟಕ್ಕೆಂದಿತು. ದಿಮ್ಮಿ ಹಿಂದಕ್ಕೆ ಉರುಳಿತು. ಅವನು ನಿಂತಲ್ಲೇ ಕುಸಿದು, ಬೆಲ್ಟಣ್ಣನ ಪಕ್ಕದಲ್ಲೇ ಬಿದ್ದ. ಗಂಟಲಿನಿಂದ ಬಂದದ್ದು ಮನುಷ್ಯರ ಕೂಗಿನಂತಿರಲಿಲ್ಲ.

ಸೂಪರ್‌ವೈಸರ್ ಓಡಿ ಬಂದು ಎತ್ತಲೆಂದು ಬೆಲ್ಟಣ್ಣನ ಕಂಕುಳಿಗೆ ಕೈ ಹಾಕಿದ.

“ಮೊದಲು ಅವನು,” ಎಂದ ಬೆಲ್ಟಣ್ಣ, ಒಡೆದ ಬಾಯಿಯಲ್ಲಿ. “ಹಾಗೆಲ್ಲ ಎಳೀಬೇಡಿ. ಹಲಗೆ ತನ್ನಿ, ಬೆನ್ನು ಹುಷಾರು.”

ತಂಗಿಯ ಗಂಡ ಕತ್ತು ಹೊರಳಿಸಿ ಅವನ ಮುಖಕ್ಕೆ ಉಗಿದ. ಒದೆಯಲೂ ನೋಡಿದ. ಕಾಲು ಅಲುಗಲಿಲ್ಲ.