ಹಾಡಿನ ನಡುವೆ ಕೂತ ಮಕ್ಕಳು

ಸತ್ತವರು ಕೂಗಿದರು, ಮಟಮಟ ಮಧ್ಯಾಹ್ನ ಬಾವಿಯ ಹತ್ತಿರ ಯಾರೋ ನಿಂತಿದ್ದರು ಎಂಬಂಥ ಮಾತು ಶುರುವಾದರೆ ಎದ್ದು ಚಹಾ ಮಾಡಲು ಹೋಗುವವಳು ನಾನು. ಕೂತು ಕೇಳುವಷ್ಟು ಸಹನೆ ನನಗಿಲ್ಲ. ನಾನು ಹುಟ್ಟಿದ ರಾವೂರಿನಲ್ಲಿ ಇಂಥ ಕಥೆಗಳಿಗೆ ಬರವೂ ಇಲ್ಲ. ನೀರು ತುಂಬಿದ ಹಳೆಯ ಕಲ್ಲುಗಣಿ ಒಂದೊಂದಕ್ಕೂ ಒಂದೊಂದು ದೆವ್ವ ಇದೆ. ಅವುಗಳಲ್ಲಿ ಒಂದನ್ನೂ ನಾನು ನಂಬಿದ್ದಿಲ್ಲ. ಈಗ ನಂಬುತ್ತೀಯಾ ಎಂದು ಕೇಳಿದರೆ ಹೌದು ಎನ್ನಲೂ ಬಾಯಿ ಬರುವುದಿಲ್ಲ. ಆದರೆ ಕೆಲವು ವರ್ಷಗಳ ಹಿಂದೆ ಜರ್ಮನಿಯ ಒಂದು ಚಿಕ್ಕ ಊರಿನಲ್ಲಿ ನನ್ನ ಕಣ್ಣೆದುರಿಗೇ ಒಂದು ಸಂಗತಿ ನಡೆಯಿತು. ನೀವು ಏನು ಬೇಕಾದರೂ ಅಂದುಕೊಳ್ಳಿ, ಆದದ್ದನ್ನು ಆದ ಹಾಗೇ ಹೇಳಿಬಿಡುತ್ತೇನೆ.

ಮೊದಲು ನನ್ನ ವಿಷಯ. ನಾನು ಸೇಡಂನ ಒಂದು ಕಾಲೇಜಿನಲ್ಲಿ ಸಂಗೀತ ಕಲಿಸುತ್ತೇನೆ. ಒಮ್ಮೆ ಕೇಳಿದ ಧಾಟಿ ಮರೆಯುವುದಿಲ್ಲ ಎಂಬುದು ನನ್ನ ಜಂಬ. ಫೋನಿನಲ್ಲಿ ಯಾರಾದರೂ 'ಹಲೋ' ಅಂದರೆ ಸಾಕು, ಹತ್ತು ವರ್ಷದ ಹಿಂದಿನ ವಿದ್ಯಾರ್ಥಿಯ ಹೆಸರು ಹೇಳಿಬಿಡುತ್ತೇನೆ. ಇಷ್ಟೆಲ್ಲ ಇದ್ದೂ ನನ್ನ ಅಪ್ಪನ ದನಿ ನನಗೆ ನೆನಪಿಲ್ಲ. ಇದನ್ನು ಹೇಳಿಕೊಳ್ಳಲು ಬಹಳ ನಾಚಿಕೆಯಾಗುತ್ತದೆ.

ಅಪ್ಪ ರಾವೂರಿನ ಗಣಿಯಲ್ಲಿ ಕೂಗುವ ಕೆಲಸ ಮಾಡುತ್ತಿದ್ದ. ಸಿಡಿಮದ್ದಿನ ಬತ್ತಿಗೆ ಬೆಂಕಿ ಹಚ್ಚುವ ಮುಂಚೆ ಮಣ್ಣಿನ ದಿಬ್ಬ ಹತ್ತಿ ನಿಂತು ಮೂರು ಸಲ ಕೂಗಬೇಕು: "ಬತ್ತಿ ಹಚ್ಚೀವೋ... ಕುಂದರ್ರೋ..." ಅಂತ. ಆ ಕೂಗು ಕಿವಿಗೆ ಬಿದ್ದರೆ ಎಲ್ಲಿದ್ದವರು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತು, ಮೊಣಕಾಲ ನಡುವೆ ತಲೆ ಇಟ್ಟು, ಎರಡೂ ಕೈಯಿಂದ ಕಿವಿ ಮುಚ್ಚಿಕೊಳ್ಳಬೇಕು. ರಜೆಯಲ್ಲಿ ನಾನು ಬುತ್ತಿ ಒಯ್ದಾಗ ನಾನೂ ಹಾಗೆಯೇ ಕೂರುತ್ತಿದ್ದೆ. ನಾನು ಕೂತಿದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಅಪ್ಪ ದಿಬ್ಬ ಇಳಿಯುತ್ತಿದ್ದ. ನಾನು ಎಂಟನೆಯ ತರಗತಿಯಲ್ಲಿದ್ದಾಗ ಎದೆಯ ಕಾಯಿಲೆಯಿಂದ ತೀರಿಕೊಂಡ.

ಒಂದು ಫೋಟೋ ಇದೆ. ದನಿ ಎಲ್ಲಿಯೂ ಇಲ್ಲ. ಆಗ ನಮ್ಮಂಥವರ ಮನೆಯಲ್ಲಿ ದನಿ ಹಿಡಿದಿಡುವ ಯಂತ್ರ ಎಲ್ಲಿಂದ ಬರಬೇಕು? ಕಾಲೇಜು ಸೇರಿದ ಮೇಲೆ ಒಂದು ದಿನ ಅಪ್ಪನ ಕೂಗನ್ನು ನೆನಪಿಸಿಕೊಳ್ಳಲು ಹೋದೆ. ಮಾತು ಬಂತು, ಧಾಟಿ ಬಂತು, ದನಿ ಬರಲಿಲ್ಲ. ಅವ್ವನನ್ನು ಕೂಗಿ ತೋರಿಸು ಅಂತ ಕಾಡಿದೆ. "ಗಂಡಸಿನ ದನಿ ನಾ ಹ್ಯಾಂಗ ತೆಗೀಲಿ, ಹುಚ್ಚಿ" ಅಂತ ನಕ್ಕಳು, ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅಪ್ಪನ ಜೊತೆ ದುಡಿದ ಮಹಬೂಬ್ ಚಾಚಾ ಪಾಪ ತಮ್ಮ ಮನೆಯ ಅಂಗಳದಲ್ಲಿ ನಿಂತು ಕೂಗಿಯೂ ತೋರಿಸಿದರು. ಇದಲ್ಲ ಎಂದು ಕೂಡಲೇ ಗೊತ್ತಾಯಿತು. ಹಾಗಾದರೆ ಯಾವುದು ಎಂದರೆ ಹೇಳಲು ಬರಲಿಲ್ಲ. ಅಂದಿನಿಂದ ನಾನು ಅದನ್ನೇ ಹುಡುಕುತ್ತಿದ್ದೇನೆ ಎನ್ನಬೇಕು. ಗಣಿಗಳಲ್ಲಿ ಕೂಗುವವರೂ ಈಗ ಇಲ್ಲ. ಸೈರನ್ ಬಂದು ಎಷ್ಟೋ ಕಾಲವಾಯಿತು. ಅದು ಊದಿದರೆ ಊರಿನ ಮಕ್ಕಳು ಆಡುವ ಆಟವನ್ನೂ ನಿಲ್ಲಿಸುವುದಿಲ್ಲ.

ಇನ್ನು ಹಾಡಿನ ತಂಡದ ವಿಷಯ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆಯ ಹದಿನಾಲ್ಕು ಮಕ್ಕಳನ್ನು ಕಟ್ಟಿಕೊಂಡು ನಮ್ಮ ಬೀಸುವ ಪದ, ಕುಟ್ಟುವ ಪದಗಳನ್ನು ಎರಡು ಮೂರು ದನಿಗಳಲ್ಲಿ ಹೆಣೆದು ಹಾಡಿಸುತ್ತಿದ್ದೆ. ಯಾರೋ ಅದರ ವಿಡಿಯೊ ಹಾಕಿದರು. ಜರ್ಮನಿಯ ಒಂದು ಶಾಲೆಯ ಗಾಯನ ತಂಡದವರು ಅದನ್ನು ನೋಡಿ, ಬೇಸಿಗೆ ರಜೆಯಲ್ಲಿ ಬಂದು ತಮ್ಮ ಊರುಗಳಲ್ಲಿ ಹಾಡಬೇಕೆಂದು ಕರೆದರು. ನನಗೆ ಮೊದಲು ತಮಾಷೆ ಅನ್ನಿಸಿತು. ಆಮೇಲೆ ನೋಡಿದರೆ ಪಾಸ್‌ಪೋರ್ಟ್ ಅಂತ ಓಡಾಟ ಶುರುವಾಗಿಯೇ ಬಿಟ್ಟಿತ್ತು.

ವಾಡಿ ಸ್ಟೇಷನ್ನಿನಲ್ಲಿ ಬೀಳ್ಕೊಡಲು ಅರ್ಧ ತಾಲ್ಲೂಕೇ ಬಂದ ಹಾಗಿತ್ತು. ಸಜ್ಜೆ ರೊಟ್ಟಿ, ಶೇಂಗಾ ಹಿಂಡಿಯ ಗಂಟುಗಳು ಬಟ್ಟೆಯ ಚೀಲಗಳಿಗಿಂತ ದೊಡ್ಡವಾಗಿದ್ದವು. ನಮ್ಮ ರಾವೂರಿನ ರೇಣುಕಾಳ ಅಜ್ಜಿ ನನ್ನ ಕೈ ಬಿಡಲೇ ಇಲ್ಲ. "ಹುಡುಗಿನ್ನ ನಿಮ್ಮ ಉಡ್ಯಾಗ ಹಾಕೀನ್ರಿ ಬಾಯಾರ, ಹಂಗೇ ತಂದು ಕೊಡ್ರಿ" ಅಂದಳು. ರೇಣುಕಾ ಆಗ ಪಿಯುಸಿ ಓದುತ್ತಿದ್ದಳು. ದನಿ ತೆಳು, ಆದರೆ ಶ್ರುತಿ ಬಿಟ್ಟು ಒಂದು ಎಳೆ ಆಚೀಚೆ ಹೋಗದ ಹುಡುಗಿ. ನನ್ನ ಜೊತೆಗೆ ಹೊರಟವರು ಚಿಂಚೋಳಿಯ ಬಸವರಾಜ ಸರ್, ಇಂಗ್ಲಿಷ್ ಅಧ್ಯಾಪಕರು. ಬಸ್ಸು ಹತ್ತಿದಾಗೊಮ್ಮೆ ಇಳಿದಾಗೊಮ್ಮೆ ತಲೆ ಎಣಿಸುವುದೇ ಅವರ ಪ್ರವಾಸವಾಯಿತು.

ಮೊದಲ ಎರಡು ಕಾರ್ಯಕ್ರಮಗಳು ಚೆನ್ನಾಗಿ ಆದವು. ಮೂರನೆಯದು ಒಂದು ಹಳೆಯ ಚರ್ಚಿನಲ್ಲಿ. ಸುತ್ತ ಗೋಧಿಯ ಹೊಲ, ಹಸಿರು ಬಯಲು. ಗಣಿಯಾಗಲಿ ಕಾರ್ಖಾನೆಯಾಗಲಿ ಆ ಊರಿಗೆ ಇರಲಿಲ್ಲ. ಅಲ್ಲಿನ ಲೆಕ್ಕದಲ್ಲಿ ಅದು ರಾತ್ರಿಯ ಕಾರ್ಯಕ್ರಮ, ಆದರೆ ಹೊರಗೆ ಝಗಝಗ ಬಿಸಿಲು. "ಈ ಸೂರ್ಯನಿಗೆ ಮನಿಗೆ ಹೋಗೂದು ಗೊತ್ತಿಲ್ಲೇನ್ರಿ ಮೇಡಂ?" ಅಂತ ಬಸವರಾಜ ಸರ್ ನಗಿಸಿದರು. ಮಕ್ಕಳು ಹೊಟ್ಟೆ ತುಂಬ ಉಂಡಿದ್ದರು, ಚೆನ್ನಾಗಿ ನಿದ್ದೆ ಮಾಡಿದ್ದರು. ಯಾರಿಗೂ ಜ್ವರ ಇರಲಿಲ್ಲ. ಇದನ್ನೆಲ್ಲ ಹೇಳುವುದು ಏಕೆಂದರೆ, ಮುಂದಿನದನ್ನು ಕೇಳಿದವರೆಲ್ಲ ಮೊದಲು ಇದನ್ನೇ ಕೇಳುತ್ತಾರೆ.

ಬೀಸುವ ಪದ ನಡೆದಿತ್ತು. ಗಂಡುಮಕ್ಕಳು ಕೆಳಗಿನ ಸ್ವರವನ್ನು ಬೀಸುಕಲ್ಲು ತಿರುಗಿದ ಹಾಗೆ ಒಂದೇ ಸಮ ಹಿಡಿದಿರುತ್ತಾರೆ, ಹೆಣ್ಣುಮಕ್ಕಳು ಮೇಲೆ ಪದ ಹೇಳುತ್ತಾರೆ. ನಾನು ಅವರಿಗೆ ಎದುರಾಗಿ, ಜನರಿಗೆ ಬೆನ್ನು ಮಾಡಿ, ಕೈಯಾಡಿಸುತ್ತ ನಿಂತಿದ್ದೆ. ನುಡಿಯ ನಟ್ಟನಡುವೆ ಆರು ಮಕ್ಕಳು ದಬಕ್ಕನೆ ಕೂತುಬಿಟ್ಟರು.

ಮೊದಲು ಯಾರೋ ತಲೆ ತಿರುಗಿ ಬಿದ್ದರು ಅಂದುಕೊಂಡೆ. ಬಿದ್ದಿರಲಿಲ್ಲ. ಮುಂದಿನ ಸಾಲಿನಲ್ಲಿ ಇಬ್ಬರು, ಹಿಂದೆ ನಾಲ್ವರು, ಬೇರೆ ಬೇರೆ ಕಡೆ ನಿಂತವರು, ಒಂದೇ ಗಳಿಗೆಯಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದರು. ಮೊಣಕಾಲ ನಡುವೆ ತಲೆ, ಕಿವಿಯ ಮೇಲೆ ಕೈ. ಆ ಕೂರುವಿಕೆ ನನಗೆ ಗೊತ್ತು, ಆದರೆ ಆ ಮಕ್ಕಳಿಗೆ ಗೊತ್ತಿರಲು ಸಾಧ್ಯವಿರಲಿಲ್ಲ. ಅವರು ಯಾರೂ ಆ ಕಾಲದವರಲ್ಲ. ಉಳಿದ ಎಂಟು ಮಂದಿ ಕಕ್ಕಾಬಿಕ್ಕಿಯಾಗಿ ಅತ್ತಿತ್ತ ನೋಡುತ್ತಲೇ ಹಾಡಿದರು. ಚಿಂಚೋಳಿಯ ಅಂಬರೀಷನಂತೂ ಕೂತವರ ಪಾಲಿನದನ್ನೂ ತಾನೇ ಹಾಡುವವನ ಹಾಗೆ ಗಂಟಲು ಹರಿಯುವಂತೆ ಎಳೆದ. ಒಂದು ನುಡಿ ಮುಗಿಯಿತು. ಆರೂ ಮಂದಿ ಒಟ್ಟಿಗೇ ಎದ್ದರು, ತಮ್ಮ ತಮ್ಮ ಸ್ವರವನ್ನು ಸರಿಯಾದ ಜಾಗದಲ್ಲಿ ಹಿಡಿದು ಹಾಡು ಮುಗಿಸಿದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅದೂ ಹಾಡಿನ ಒಂದು ಅಂಗ ಎಂದು ಅವರು ತಿಳಿದಿದ್ದರು.

ಕಾರ್ಯಕ್ರಮ ಮುಗಿದದ್ದೇ ತಡ, ಪಕ್ಕದ ಕೋಣೆಗೆ ಕರೆದುಕೊಂಡು ಹೋಗಿ ಬೈದೆ. "ಏನು ನಾಟಕ ಹಚ್ಚೀರಿ? ಇಷ್ಟು ದೂರ ಬಂದು ಮಾನ ಕಳೀಬೇಕಂತ ಮಾಡೀರೇನು?"

ಒಬ್ಬರ ಮುಖದಲ್ಲೂ ರಕ್ತವಿರಲಿಲ್ಲ. ವಾಡಿಯ ಸಿದ್ದು ಎಂಬ ಹುಡುಗ ಹೇಳಿದ, "ಕೂಗಿದ್ರಲ್ರಿ ಮೇಡಂ. ಕುಂದರ್ರೋ ಅಂದ್ರು. ಕುಂತ್ವಿ."

"ಯಾರು ಕೂಗಿದ್ರು?"

"ಗೊತ್ತಿಲ್ರಿ. ಯಾರೋ ಹಿರ್ಯಾರು. ಮ್ಯಾಲಿಂದ ಕೇಳಿಸ್ತು."

ಆರೂ ಮಂದಿ ರಾವೂರ, ವಾಡಿ, ಶಹಾಬಾದ ಕಡೆಯ ಗಣಿ ಊರುಗಳವರು. ಉಳಿದವರಿಗೆ ಏನೂ ಕೇಳಿಸಿರಲಿಲ್ಲ. ನನ್ನೊಳಗಿನ ಮಾಸ್ತರಿಣಿ ಸುಮ್ಮನಿರುತ್ತಾಳೆಯೇ? ಒಬ್ಬೊಬ್ಬರನ್ನೇ ಹೊರಗೆ ಕರೆದು, ಬೇರೆಯವರಿಗೆ ಕೇಳದ ಹಾಗೆ ವಿಚಾರಿಸಿದೆ. ಬತ್ತಿ ಹಚ್ಚುವ ಮಾತು, ಕೂರುವ ಮಾತು, ಆರೂ ಮಂದಿ ಅದನ್ನೇ ಹೇಳಿದರು. ಕೊನೆಗೆ ಬಂದವಳು ರೇಣುಕಾ. "ಕೂಗಿ ತೋರಿಸ್ಲೇನ್ರಿ ಮೇಡಂ?" ಅಂದಳು. ತೋರಿಸು ಅಂದೆ.

ಮೆಲ್ಲಗೆ ಕೂಗಿದಳು. ಒಂದು ಸಲ, ಎರಡು ಸಲ. ಆಮೇಲೆ ತಡೆದು, ಎದೆಯ ಆಳದಿಂದ ಎರಡು ಸಲ ಕೆಮ್ಮಿ, ಮೂರನೆಯದನ್ನು ಕೂಗಿದಳು. "ಕೆಮ್ಮು ಯಾಕ?" ಅಂದೆ. "ಅವ್ರು ಹಂಗೇ ಕೂಗಿದ್ರಿ. ಕೆಮ್ಮಿ ಕೂಗಿದ್ರು" ಅಂದಳು.

ಕೊನೆಯ ವರ್ಷಗಳಲ್ಲಿ ಅಪ್ಪನಿಗೆ ಮೂರು ಕೂಗನ್ನು ಒಂದೇ ದಮ್ಮಿನಲ್ಲಿ ಮುಗಿಸಲು ಆಗುತ್ತಿರಲಿಲ್ಲ. ಎರಡಾದ ಮೇಲೆ ಕೆಮ್ಮು ಬರುತ್ತಿತ್ತು. ಕೆಮ್ಮಿ ಮುಗಿಸಿ ಮೂರನೆಯದು. ನಾನು ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳುವುದು ಹೇಗೆ? ನನಗೇ ಅದು ಮರೆತುಹೋಗಿತ್ತು, ಈ ಹುಡುಗಿ ಕೆಮ್ಮಿದಾಗ ನೆನಪಾಯಿತು.

ಅವಳ ಕೈ ಹಿಡಿದು ಚರ್ಚಿನ ಹಿಂದಿನ ಹುಲ್ಲಿಗೆ ಎಳೆದುಕೊಂಡು ಹೋದೆ. ಅಲ್ಲಿ ಯಾರೂ ಇರಲಿಲ್ಲ. "ಪೂರಾ ದನಿ ಬಿಟ್ಟು ಕೂಗವ್ವಾ" ಅಂದೆ. ಅವಳಿಗೆ ಹೆದರಿಕೆ. ನಾನು ಬೈಯುತ್ತೇನೆ ಎಂದಲ್ಲ, ನನ್ನ ಮುಖ ನೋಡಿ. ಆದರೂ ಕಣ್ಣು ಮುಚ್ಚಿ, ಕತ್ತು ಮೇಲೆತ್ತಿ ಕೂಗಿದಳು.

ದನಿ ಆ ಹುಡುಗಿಯದಾಗಿರಲಿಲ್ಲ. ಅದನ್ನು ಬಣ್ಣಿಸಲು ನನಗೆ ಬರುವುದಿಲ್ಲ, ಬರುವ ಹಾಗಿದ್ದರೆ ಇಷ್ಟು ವರ್ಷ ಹುಡುಕುತ್ತಿರಲಿಲ್ಲ. ಇದೇ ಎಂದು ಗೊತ್ತಾಯಿತು, ಅಷ್ಟೇ. ಮೂರನೆಯ ಕೂಗು ಮುಗಿಯುವುದರೊಳಗೆ ನಾನು ರೇಷ್ಮೆ ಸೀರೆಯಲ್ಲೇ ಆ ಹುಲ್ಲಿನ ಮೇಲೆ ಕೂತಿದ್ದೆ, ಕಿವಿಯ ಮೇಲೆ ಕೈ ಇಟ್ಟುಕೊಂಡು. ಯಾವಾಗ ಕೂತೆನೋ ತಿಳಿಯದು. ಅತ್ತೆ. ಮುಚ್ಚಿಡುವುದೇನಿದೆ, ಹೋ ಎಂದು ಅತ್ತೆ. ರೇಣುಕಾ ನನ್ನ ಬೆನ್ನು ಸವರುತ್ತ, "ಏನಾತ್ರಿ ಮೇಡಂ, ನಾ ಏನರೆ ತಪ್ಪ ಮಾಡಿದ್ನೇನ್ರಿ?" ಅನ್ನುತ್ತಿದ್ದಳು.

ಅಂದೇ ಊರಿಗೆ ಫೋನು ಹಚ್ಚಿದೆವು. ಅಲ್ಲಿ ಅಪರಾತ್ರಿ, ನಿದ್ದೆಯಿಂದ ಎದ್ದವರೆಲ್ಲ ಗಾಬರಿಯಾದರು. ಎಲ್ಲರೂ ಆರಾಮಾಗಿದ್ದರು. ಗಣಿಯಲ್ಲಿ ಏನೂ ಆಗಿರಲಿಲ್ಲ. ಅವ್ವ ನಿದ್ದೆಗಣ್ಣಿನಲ್ಲೇ "ಉಂಡ್ರೇನು?" ಅಂತ ಕೇಳಿದಳು. ಚರ್ಚಿನಲ್ಲೂ ಒಂದು ಹೆಂಚು ಬಿದ್ದಿರಲಿಲ್ಲ. ಯಾವ ಅಪಾಯದಿಂದಲೂ ಯಾರೂ ಪಾರಾಗಲಿಲ್ಲ. ಇಂಥ ಕಥೆಗಳಲ್ಲಿ ಇರಬೇಕಾದ ಕಾರಣ ಈ ಕಥೆಯಲ್ಲಿ ಇಲ್ಲ.

ಬಸವರಾಜ ಸರ್ ಎರಡು ದಿನ ಇದನ್ನೇ ತಲೆಗೆ ಹಚ್ಚಿಕೊಂಡರು. ಒಬ್ಬ ಕೂತ, ಅವನನ್ನು ನೋಡಿ ಉಳಿದವರು ಕೂತರು ಎಂದರು. ರೇಣುಕಾಳ ಅಜ್ಜಿ ಎಂದೋ ಆ ಕೂಗಿನ ಕಥೆ ಹೇಳಿರಬೇಕು, ಹುಡುಗಿಯ ಮನಸ್ಸಿನ ಮೂಲೆಯಲ್ಲಿ ಅದು ಕೂತಿರಬೇಕು ಎಂದರು. ಇರಬಹುದು, ನಾನು ವಾದ ಮಾಡುವುದಿಲ್ಲ. ಆದರೆ ಅಲ್ಲಿಯವರು ಮಾಡಿದ ವಿಡಿಯೊ ನನ್ನ ಹತ್ತಿರ ಇದೆ. ಆರೂ ಮಂದಿ ಒಂದೇ ಸಲ ಕೂರುತ್ತಾರೆ; ಹಿಂದೆ ಮುಂದೆ ಇಲ್ಲ. ಬೀಸುವ ಪದ ಬಿಟ್ಟರೆ ಅದರಲ್ಲಿ ಬೇರೆ ಯಾವ ದನಿಯೂ ಇಲ್ಲ. ನನ್ನ ಬೆನ್ನು ಮಾತ್ರ ಕಾಣುತ್ತದೆ, ಕೈ ಎತ್ತಿ ನಿಂತೇ ಇದ್ದೇನೆ.

ನನಗೆ ಬಗೆಹರಿಯದ್ದು ಅದೇ. ಕೂಗಿದವನು ಅಪ್ಪನೇ ಆಗಿದ್ದರೆ ಮೊದಲು ನನಗೆ ಕೇಳಿಸಬೇಕಿತ್ತು. ನಾನು ಕೂರದೆ ಅವನು ಬತ್ತಿ ಹಚ್ಚಿಸಿದವನಲ್ಲ. ಅವನ ಮುಖವನ್ನೂ ನೋಡದ ಆರು ಮಕ್ಕಳಿಗೆ ಕೇಳಿಸಿತು, ಅವನಿಗಾಗಿ ಕಿವಿ ತೆರೆದುಕೊಂಡೇ ಇದ್ದ ಮಗಳಿಗೆ ಕೇಳಿಸಲಿಲ್ಲ. ಅಪ್ಪನಲ್ಲದಿದ್ದರೆ ಆ ಕೆಮ್ಮು ಎಲ್ಲಿಂದ ಬಂತು? ಹೇಳಿದರೆ ನಗುತ್ತೀರಿ, ಆ ಮಕ್ಕಳ ಮೇಲೆ ನನಗೆ ಇಂದಿಗೂ ಹೊಟ್ಟೆಕಿಚ್ಚು ಇದೆ.

ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ರೇಣುಕಾಳ ಪಕ್ಕ ಕೂತು ಮತ್ತೆ ಕೇಳಿದೆ. ಕೂಗಿದಳು. ಮಾತು ಸರಿ, ಧಾಟಿ ಸರಿ, ಕೆಮ್ಮೂ ಸರಿ. ದನಿ ಮಾತ್ರ ಅವಳದೇ, ನನಗೆ ಗೊತ್ತಿರುವ ಆ ತೆಳು ದನಿ. ಅವಳಿಗೂ ತಿಳಿಯಿತು, ಮುಖ ಸಣ್ಣ ಮಾಡಿದಳು. ಹೈದರಾಬಾದಿನಲ್ಲಿ ವಿಮಾನ ಇಳಿಯುವಷ್ಟರಲ್ಲಿ ನನ್ನೊಳಗೂ ಅದು ಅಳಿಸಿಹೋಗಿತ್ತು. ಹುಲ್ಲಿನ ಮೇಲೆ ಕೇಳಿದ್ದೇನೆ ಎಂಬುದು ನೆನಪಿದೆ, ಕೇಳಿದ್ದು ನೆನಪಿಲ್ಲ.

ರೇಣುಕಾ ಈಗ ಕಲಬುರಗಿಯ ಒಂದು ಆಸ್ಪತ್ರೆಯಲ್ಲಿ ನರ್ಸ್. ಹಬ್ಬಕ್ಕೋ ಹುಣ್ಣಿಮೆಗೋ ಫೋನು ಮಾಡುತ್ತಾಳೆ. ಅದೂ ಇದೂ ಮಾತಾಡಿ ಕೊನೆಗೆ ನಾನು ಕೇಳಿಯೇ ಕೇಳುತ್ತೇನೆ. ಅವಳೂ ಬೇಸರಿಸದೆ ಕೂಗುತ್ತಾಳೆ. ಮೊನ್ನೆಯೂ ಕೂಗಿದಳು. ಕೂಗಿ, "ಇಲ್ರಿ ಮೇಡಂ, ನಂದೇ ದನಿ ಬರ್ಲಿಕತ್ತದ" ಅಂದಳು.

"ಬರಲಿ ಬಿಡವ್ವಾ, ಇನ್ನೊಂದು ಸಲ ಕೂಗು" ಅಂದೆ.