ಮಲ್ಲೇಶಣ್ಣನ ಪಿಕಪ್ ತಗ್ಗಿಸಿದ ದಿನ

ನನ್ನ ಮೊಮ್ಮಗಳು ಕಾವ್ಯಳಿಗೆ ಏನೂ ಆಗಿಲ್ಲ! ಒಂದು ಗೀರೂ ಇಲ್ಲ. ಇದನ್ನು ಮೊದಲು ಹೇಳದೆ ನನಗೆ ಬೇರೆ ಮಾತೇ ಬರುವುದಿಲ್ಲ. ಪಕ್ಕದ ಸೀಟಿನಲ್ಲಿದ್ದ ನನ್ನನ್ನೂ ಉಳಿಸಿದವಳು ಅವಳೇ. ಬರೆಯುವಾಗ ಈಗ ನಗುವೂ ಬರುತ್ತಿದೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಆಲ್ದೂರಿನಲ್ಲಿ ನಲವತ್ತು ವರ್ಷ ಗಾಡಿಗಳ ಪ್ಲೇಟ್ ಕೆಲಸ ಮಾಡಿದ್ದೇನೆ. ಪ್ಲೇಟ್ ಅಂದರೆ ಲೀಫ್ ಸ್ಪ್ರಿಂಗ್, ಗಾಡಿಯ ಭಾರ ಹೊರುವ ಬಾಗಿದ ಉಕ್ಕಿನ ಪಟ್ಟಿಗಳು. ಕಾಫಿ ಮೂಟೆ ಹೇರುವವರೆಲ್ಲ ಇನ್ನೊಂದು ಪ್ಲೇಟ್ ಹಾಕಿ ಎತ್ತರ ಮಾಡಿ ಎನ್ನುವವರೇ. ತಗ್ಗಿಸಿ ಎಂದು ಬಂದವನು ಮಲ್ಲೇಶಣ್ಣ ಒಬ್ಬನೇ. ಪಿಕಪ್ಪಿನ ಹಿಂಭಾಗವೇ ಅವನ ತರಕಾರಿ ಅಂಗಡಿ. ಗಿಡ್ಡ ಆಳಾದ ಅವನ ಹೆಂಡತಿಗೆ ದಿನವಿಡೀ ಹತ್ತಿ ಇಳಿದು ಮಂಡಿನೋವು. ಅದಕ್ಕೇ ಮೂರು ಇಂಚು ತಗ್ಗಿಸುವ ಕಿಟ್ ತರಿಸಿದ್ದ.

ಕಾವ್ಯ ಐಟಿಐ ಮುಗಿಸಿ ನಮ್ಮ ಗ್ಯಾರೇಜಿಗೇ ಬಂದಿದ್ದಾಳೆ. ಅವಳಪ್ಪ, ಅಂದರೆ ನನ್ನ ಮಗ ರಾಜಪ್ಪ, ಒಪ್ಪಿದ್ದು ಒಂದೇ ಷರತ್ತಿನ ಮೇಲೆ. ಅವಳ ಕೈಯಲ್ಲಿ ಒಂದು ಗಾಡಿ ಕೆಟ್ಟರೂ ಗ್ಯಾರೇಜು ಬಿಡಬೇಕು.

ಬೆಳಿಗ್ಗೆ ಹಳೆಯ ಪ್ಲೇಟ್ ಇಳಿಸಿ, ಬಾಗು ಕಡಿಮೆಯಿರುವ ಹೊಸ ಸೆಟ್, ಗಿಡ್ಡ ಶಾಕ್ ಅಬ್ಸಾರ್ಬರ್ ಕೂರಿಸಿದೆವು. ಕಾವ್ಯ ಗಾಡಿಯಡಿಯಿಂದಲೇ ಕೇಳಿದಳು.

"ಅಜ್ಜ, ಆಕ್ಸಲ್ಲಿಂದ ಬ್ರೇಕ್ ವಾಲ್ವಿಗೆ ಹೋಗೋ ಈ ಸಣ್ಣ ರಾಡು? ಇದನ್ನೂ ಸೆಟ್ ಮಾಡ್ಬೇಕಲ್ವಾ?"

"ಕಂಪನಿಯವ್ರು ಕೂರಿಸಿದ್ದು ಅದು. ನಲವತ್ತು ವರ್ಷ ನಾನೇ ಮುಟ್ಟಿಲ್ಲ. ಸುಮ್ನೆ ಈಚೆ ಬಾ ಮಾರಾಯ್ತಿ."

ಮಧ್ಯಾಹ್ನ ಖಾಲಿ ಗಾಡಿಯಲ್ಲಿ ಟ್ರಯಲ್ಲಿಗೆ ಹೊರಟೆವು. ಸ್ಟೇರಿಂಗ್ ಅವಳ ಕೈಲಿ, ರಸ್ತೆ ಒದ್ದೆ. ಇಳಿಜಾರಿನ ತಿರುವಿನಲ್ಲಿ ಬ್ರೇಕ್ ಒತ್ತಿದ್ದೇ ತಡ, ಹಿಂದಿನ ಚಕ್ರಗಳು ಕಚ್ಚಿ ನಿಂತವು. ಗಾಡಿಯ ಹಿಂಭಾಗ ಬೀಸಿಕೊಂಡು ಪಕ್ಕಕ್ಕೆ ಬಂತು. ನನ್ನ ಕಣ್ಣೆದುರು ರಸ್ತೆಯೇ ಇಲ್ಲ, ಕೆಳಗಿನ ಕಾಫಿ ತೋಟದ ಸಿಲ್ವರ್ ಓಕ್ ಮರಗಳ ತುದಿ! ಅಷ್ಟರಲ್ಲಿ ಕಾವ್ಯ ಬ್ರೇಕಿನಿಂದ ಕಾಲೇ ತೆಗೆದುಬಿಟ್ಟಳು. ಇಳಿಜಾರಿನಲ್ಲಿ ಬ್ರೇಕ್ ಬಿಡುವುದೇ! ಮುಗಿಯಿತು ಅಂದುಕೊಂಡೆ. ಅವಳು ಜಾರುವ ಕಡೆಗೇ ಸ್ಟೇರಿಂಗ್ ತಿರುಗಿಸಿದಳು. ಚಕ್ರಗಳು ನೆಲ ಹಿಡಿದವು. ಗಾಡಿ ರಸ್ತೆಯ ಮೇಲ್ಬದಿಯ ಧರೆಯ ಮಣ್ಣುದಿಬ್ಬಕ್ಕೆ ಒರಗಿ, ಬಾಡಿ ಸ್ವಲ್ಪ ನೆಗ್ಗಿಸಿಕೊಂಡು ನಿಂತಿತು.

"ಅಜ್ಜ, ಪೆಟ್ಟಾಯ್ತಾ?"

ಇಲ್ಲವೆಂದು ತಲೆಯಾಡಿಸಿದೆ. ಅವಳೇ ಮುಂದುವರಿಸಿದಳು. "ಗಾಡಿ ತಗ್ಗಿದ್ರೆ ಲೋಡ್ ಬಿದ್ದಿದೆ ಅಂತ ಆ ರಾಡು ತಿಳ್ಕೊಂಡು, ಹಿಂದಿನ ಚಕ್ರಕ್ಕೆ ಜಾಸ್ತಿ ಬ್ರೇಕ್ ಕೊಡುತ್ತೆ. ತಗ್ಗಿಸಿದ್ದು ನಾವೇ ಅಂತ ಅದಕ್ಕೇನು ಗೊತ್ತು?"

ಆಮೆಯ ಹಾಗೆ ಗ್ಯಾರೇಜಿಗೆ ಮರಳಿದೆವು. ಅವಳು ರಾಡನ್ನು ಅಳತೆಗೆ ಸರಿಯಾಗಿ ಕೂರಿಸಿದಳು. ಮತ್ತೆ ಅದೇ ಇಳಿಜಾರಿನಲ್ಲಿ ಬ್ರೇಕ್ ಒತ್ತಿ ನೋಡಿದರೆ ಗಾಡಿ ನೆಟ್ಟಗೆ ನಿಂತಿತು. ಆದರೆ ಬಾಡಿ ನೆಗ್ಗಿದ್ದು ರಾಜಪ್ಪನ ಕಣ್ಣಿಗೆ ಬಿತ್ತು.

"ನಾಳೆಯಿಂದ ನೀನು ಇಲ್ಲಿಗೆ ಬರ್ಬೇಡ" ಅಂದ. ಕಾವ್ಯ ನನ್ನ ಹೆಸರೆತ್ತಲಿಲ್ಲ.

ಸಂಜೆ ಮನೆಮಂದಿಯೆಲ್ಲ ಕಡುಬಿಗೆ ಕೂತೆವು. ಮಲ್ಲೇಶಣ್ಣನನ್ನೂ ಅವನ ಹೆಂಡತಿಯನ್ನೂ ಕೂರಿಸಿಕೊಂಡಿದ್ದೆವು. ನಾನು ತಟ್ಟೆ ಪಕ್ಕಕ್ಕೆ ಸರಿಸಿದೆ.

"ರಾಜಪ್ಪ, ಆ ರಾಡು ಸೆಟ್ ಮಾಡ್ಬೇಕು ಅಂತ ಅವಳು ಹೇಳಿದ್ಲು ಕಣೋ. ಬೇಡ ಅಂದಿದ್ದು ನಾನು."

"ಅಪ್ಪ ತಪ್ಪು ಒಪ್ಕೊಂಡಿದ್ದು ಇದೇ ಮೊದ್ಲು" ಅಂದ ಮಗ, ಕಣ್ಣರಳಿಸಿ.

"ನನ್ನ ಗಾಡಿ ನೆಗ್ಗಿದ್ದಕ್ಕೆ ಇದಾದ್ರೂ ಸಿಕ್ತಲ್ಲ ಮಾರಾಯ" ಅಂದ ಮಲ್ಲೇಶಣ್ಣ. ಎಲ್ಲರೂ ನಕ್ಕರು.

ಗಾಡಿಯಡಿ ಮಲಗಿದವರಿಗೆ ಕಾಣುವುದು ಹೊರಗೆ ನಿಂತು ಹೇಳುವವನಿಗೆ ಕಾಣುವುದಿಲ್ಲ. ಇಷ್ಟು ಕಲಿಯಲು ನನಗೆ ನಲವತ್ತು ವರ್ಷ ಬೇಕಾಯಿತು.

ರಾಜಪ್ಪ ಮಗಳ ತಟ್ಟೆಗೆ ಇನ್ನೆರಡು ಕಡುಬು ಹಾಕಿ, "ಬೆಳಿಗ್ಗೆ ಬೇಗ ಏಳು. ಜೀಪೊಂದು ಪ್ಲೇಟ್ ಮುರ್ಕೊಂಡು ನಿಂತಿದೆ" ಅಂದ. ಕಾವ್ಯ ತಲೆಯೆತ್ತಿ ಚಟ್ನಿ ಕೇಳಿದಳು. ನಾನೂ ಎಷ್ಟು ತಿಂದೆನೆಂದು ನೋಡದೆ ತಿಂದೆ.